ಬೈಟ್ ಒಳಗೆ ಕಾಲಿಡಬೇಡ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹಡಗನ್ನು ಬಂದರಿನ ದಡಕ್ಕೆ ಹಗ್ಗದಿಂದ ಕಟ್ಟುವಾಗ ಡೆಕ್ ಕೆಲಸಗಾರರ ಮುಖ್ಯಸ್ಥ ಬೋಸನ್ 'ಬೈಟ್, ಬೈಟ್' ಅಂತ ಕೂಗಿದರು, ಅರ್ಥವಾಗದೆ ಸುಮ್ನೆ ನಿಂತಿದ್ದೆ, ನೋಡಿದರೆ ಎಡಗಾಲು ಹಗ್ಗದ ಸುತ್ತಿನೊಳಗಿತ್ತು ಅಂತ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ.

ಅದು ಕಚ್ಚುವ ಬೈಟ್ ಅಲ್ಲ ಮಗಾ. ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಬೇರೆ. ಹಗ್ಗದ ಎರಡು ತುದಿಗಳ ನಡುವೆ ಸಡಿಲವಾಗಿ ಬಾಗಿ ಬಿದ್ದಿರುವ ಭಾಗವೇ ಬೈಟ್. ಹಳೇ ಇಂಗ್ಲಿಷಿನಲ್ಲಿ ಬಾಗು, ಮೂಲೆ ಅನ್ನುವುದಕ್ಕೆ 'ಬಿಹ್ಟ್' ಅನ್ನುತ್ತಿದ್ದರು, ಅದರಿಂದ ಬಂದದ್ದು. ತಲೆಬಾಗುವುದಕ್ಕೆ 'ಬೌ' ಅನ್ನುತ್ತಾರಲ್ಲ, ಅದೂ ಇದೇ ಬಳಗದ್ದು. ಒಳಕ್ಕೆ ಬಾಗಿದ ಕರಾವಳಿಗೂ ಇದೇ ಹೆಸರು. ಚಾರ್ಟ್, ಅಂದರೆ ಸಮುದ್ರದ ನಕ್ಷೆ, ತೆಗೆದು ನೋಡು, ಆಸ್ಟ್ರೇಲಿಯಾದ ದಕ್ಷಿಣಕ್ಕೆ ಗ್ರೇಟ್ ಆಸ್ಟ್ರೇಲಿಯನ್ ಬೈಟ್, ಪಶ್ಚಿಮ ಆಫ್ರಿಕಾದಲ್ಲಿ ಬೈಟ್ ಆಫ್ ಬೆನಿನ್. ಅಲ್ಲಿ ಅದು ನೂರಾರು ಮೈಲಿ ಅಗಲ. ಡೆಕ್ ಮೇಲೆ ನಿನ್ನ ಪಾದದಷ್ಟೇ.

ಸಡಿಲ ಇರುವಾಗ ಅದು ಏನೂ ಮಾಡದು. ಹಗ್ಗ ಎಳೆಯುವ ಯಂತ್ರ ವಿಂಚ್ ತಿರುಗಿತೋ, ಹಡಗು ಸ್ವಲ್ಪ ಸರಿಯಿತೋ, ಕಣ್ಣು ಮಿಟುಕಿಸುವುದರೊಳಗೆ ಕುಣಿಕೆ ಬಿಗಿಯುತ್ತದೆ. ನನ್ನ ಜೊತೆ ಒಂದೇ ಕ್ಯಾಬಿನ್‌ನಲ್ಲಿದ್ದ ರತ್ನಗಿರಿ ಕಡೆಯ ಹುಡುಗನ ಪಾದ ಹೋದದ್ದು ಹೀಗೇ. ಅವನ ಬೂಟು ಮಾತ್ರ ಹಗ್ಗದ ಆಚೆ ಬಿದ್ದಿತ್ತು, ಲೇಸ್ ಕಟ್ಟಿದ ಹಾಗೇ. ಒಮ್ಮೆ ಅವನ ಊರಿಗೆ ಹೋಗಿ ಬರಬೇಕಿತ್ತು. ರಜೆ ಸಿಕ್ಕಾಗೆಲ್ಲ ಮನೆಯ ಕಡೆಗೇ ಮುಖ ಮಾಡಿದೆ. ಈಗ ಅವನಿಲ್ಲ.

ನಿನಗೆ ಗಂಟು ಹಾಕುವುದನ್ನಾದರೂ ಕಲಿಸಬಹುದಿತ್ತು. ಪಣಂಬೂರಿಗೆ ಹಡಗು ನೋಡೋಣ ಅಂತ ಕರೆದೊಯ್ಯುತ್ತಿದ್ದೆ, ಐಸ್‌ಕ್ರೀಂ ಕೊಡಿಸಿ ವಾಪಸ್ ತರುತ್ತಿದ್ದೆ. ಬೈಟ್ ಕೆಟ್ಟದ್ದೇ ಅಂತಲ್ಲ. ತುದಿಗಳನ್ನು ಮುಟ್ಟದೆ ಹಗ್ಗದ ನಡುವೆಯೇ ಎರಡು ಕುಣಿಕೆ ಹಾಕುವ 'ಬೋಲೈನ್ ಆನ್ ಎ ಬೈಟ್' ಇದೆ. ಅದರಲ್ಲಿ ಮನುಷ್ಯನನ್ನು ಕೂರಿಸಿ ಇಳಿಸುತ್ತಿದ್ದರು. ಕಲಿತುಕೋ.

ಆದರೆ ಮೊದಲು ಕಾಲು ನೋಡಿಕೋ. ಹೊಸ ಕಾಲದ ಕೆಲಸ ನನಗೆ ಪೂರ್ತಿ ತಿಳಿಯದು, ಹೇಳಿದ್ದು ಜಾಸ್ತಿಯಾದರೆ ಬೇಸರ ಮಾಡ್ಕೋಬೇಡ. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ತುಂಡಾದಾಗ ವಾಪಸ್ ಹೊಡೆಯುತ್ತದೆ. ಅದರ ನೇರಕ್ಕೂ ನಿಲ್ಲಬೇಡ. ಅರ್ಥವಾಗದ ಮಾತು ಕಿವಿಗೆ ಬಿದ್ದರೆ ಮೊದಲು ಹಗ್ಗದಿಂದ ದೂರ ಸರಿ, ಆಮೇಲೆ ಕೇಳು. ನಕ್ಕರೆ ನಗಲಿ.

ಅಕ್ಕನಿಗೆ ಆ ಸಾಲು ಓದಿ ಹೇಳಿಲ್ಲ. ಮುಂದಿನ ಬಂದರಿನಲ್ಲಿ ಹಡಗು ಕಟ್ಟುವಾಗ ನೀನು ಎಲ್ಲಿ ನಿಂತಿದ್ದೆ ಅಂತ ನನಗೆ ಬರೆ.

ನಿನ್ನ ಮಾವ