‘ಆರ್ಡರ್ ತಗೋತೀರಾ?’

ಅಮೆರಿಕದ ನಮ್ಮ ಸಂಘದ ಸುದ್ದಿಪತ್ರದ ಈ ಸಲದ ಸಂಚಿಕೆ ಎರಡು ವಾರ ತಡ. ತಪ್ಪು ಪೂರ್ತಿ ನನ್ನದೇ. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋಗಿದ್ದೆ. ಕೋಲಾರದ ಮನೆಯ ಮಹಡಿ ಮೇಲೆ ಕೂತು ನಿಮ್ಮೆಲ್ಲರ ಲೇಖನ ತಿದ್ದಿ ಕಳಿಸುತ್ತೇನೆ ಅಂತ ನಮ್ಮ ಕಾರ್ಯದರ್ಶಿಗಳಿಗೆ ಮಾತೂ ಕೊಟ್ಟಿದ್ದೆ. ಆದರೆ ಕೆಳಗಿನ ಅಡುಗೆಮನೆಯಿಂದ ಬೆಣ್ಣೆ, ವೆನಿಲಾ ಸೇರಿದ ಘಮ ಮೆಟ್ಟಿಲು ಹತ್ತಿ ಬರುತ್ತಿದ್ದರೆ ಒತ್ತು, ದೀರ್ಘ ಸರಿಮಾಡುವ ಮನಸ್ಸು ಯಾರಿಗೆ ಬರುತ್ತದೆ ಹೇಳಿ?

ನಮ್ಮ ಅತ್ತಿಗೆ ಕಪ್‌ಕೇಕ್ ಮಾಡುತ್ತಾರೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಅಲ್ಲ, ಪ್ರತಿ ಶನಿವಾರ ಮಧ್ಯಾಹ್ನ. ಹನ್ನೆರಡೇ. ತಟ್ಟೆಯಲ್ಲಿ ಇರುವುದು ಹನ್ನೆರಡು ಗುಳಿ, ಅದಕ್ಕೆ. ಆ ತಟ್ಟೆ ಮೊದಲ ಸಲ ಮನೆಗೆ ಬಂದಾಗ ಅಮ್ಮ ತಿರುಗಿಸಿ ಮುರುಗಿಸಿ ನೋಡಿ, "ಪಡ್ಡಿನ ಹಂಚು ಇಷ್ಟು ತೆಳ್ಳಗಿದ್ರೆ ಸೀದು ಹೋಗಲ್ವೇನೇ?" ಅಂದರಂತೆ.

ಅತ್ತಿಗೆಯ ತವರು ಕೆಜಿಎಫ್, ರಾಬರ್ಟ್‌ಸನ್‌ಪೇಟೆ. ಈ ಹುಚ್ಚು ಅಲ್ಲಿಂದಲೇ ಬಂದಿದ್ದು. ಪಕ್ಕದ ಮನೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ ಇದ್ದರಂತೆ. ಡಿಸೆಂಬರ್ ಬಂತೆಂದರೆ ಅವರು ಮನೆಯಲ್ಲೇ ಕೇಕಿನ ಹಿಟ್ಟು ಕಲಸಿ, ತಟ್ಟೆಗಳಿಗೆ ಸುರಿದು, ಬೇಕರಿಯ ಸೌದೆ ಒಲೆಗೆ ಕೊಟ್ಟು ಬೇಯಿಸಿಕೊಂಡು ಬರುತ್ತಿದ್ದರು. ತಟ್ಟೆ ಹಿಡಿದು ಅವರ ಹಿಂದೆ ನಡೆಯುವ ಕೆಲಸ ಅತ್ತಿಗೆಯದು. ಕೂಲಿ ಅಂದರೆ ಅಂಚಿನ ಒಂದು ತುಂಡು. 2001ರಲ್ಲಿ ಗಣಿ ಮುಚ್ಚಿತು, ಆಮೇಲೆ ಆಂಟಿ ಮಕ್ಕಳ ಜೊತೆ ಬೇರೆ ಊರಿಗೆ ಹೋದರು. ಆ ವಾಸನೆ ಮಾತ್ರ ಅತ್ತಿಗೆಯ ಮೂಗಿನಲ್ಲಿ ಹಾಗೇ ಉಳಿದುಬಿಟ್ಟಿದೆ.

ನಾನು ಇಷ್ಟು ವರ್ಷ ಅಮೆರಿಕದಲ್ಲಿದ್ದೂ ಕಪ್‌ಕೇಕ್ ಅಂದರೆ ಅಂಗಡಿಯ ಡಬ್ಬಿಯಿಂದ ತೆಗೆದು ಮಕ್ಕಳ ಕೈಗೆ ಕೊಡುವ ವಸ್ತು ಅಂದುಕೊಂಡಿದ್ದವನು. ಈ ತಿಂಡಿ ಹುಟ್ಟಿದ್ದು ನಾವಿರುವ ಈ ದೇಶದಲ್ಲೇ. ಚಿಕ್ಕ ಕಪ್ಪುಗಳಲ್ಲಿ ಕೇಕ್ ಬೇಯಿಸುವ ಮಾತು 1796ರ ಒಂದು ಅಮೆರಿಕನ್ ಅಡುಗೆ ಪುಸ್ತಕದಲ್ಲಿದೆ. ಕಪ್‌ಕೇಕ್ ಅನ್ನುವ ಹೆಸರು ಅಚ್ಚಾಗಿದ್ದು 1828ರಲ್ಲಿ. ಬೇಯಿಸುವುದು ಕಪ್ಪಿನಲ್ಲಿ ಅಂತ ಆ ಹೆಸರು ಅನ್ನುವವರಿದ್ದಾರೆ, ಅಳೆಯುವುದು ಕಪ್ಪಿನಲ್ಲಿ ಅಂತ ಅನ್ನುವವರೂ ಇದ್ದಾರೆ. ಒಂದು ಕಪ್ ಬೆಣ್ಣೆ, ಎರಡು ಕಪ್ ಸಕ್ಕರೆ, ಮೂರು ಕಪ್ ಹಿಟ್ಟು, ನಾಲ್ಕು ಮೊಟ್ಟೆ. ಇದು ಇಲ್ಲಿನ ಹಳೇ ಅಜ್ಜಿಯರ ಬಾಯಿಲೆಕ್ಕ. ಅಮ್ಮನಿಗೆ ಇದನ್ನು ಹೇಳಿದೆ. "ಮತ್ತೆ? ನಮ್ದೂ ಅದೇ ತಾನೆ, ಎರಡು ಪಾವು ಅಕ್ಕಿಗೆ ಅರ್ಧ ಪಾವು ಬೇಳೆ" ಅಂದು ಕಾಯಿ ತುರಿಯಲು ಹೋದರು.

ಅತ್ತಿಗೆ ಮಾತ್ರ ಪಾವನ್ನೂ ನಂಬುವುದಿಲ್ಲ, ಕಪ್ಪನ್ನೂ ನಂಬುವುದಿಲ್ಲ. ಅವರ ಹತ್ತಿರ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇದೆ. ಮೈದಾವನ್ನು ಸಡಿಲವಾಗಿ ಚಮಚದಲ್ಲಿ ಹಾಕಿದರೆ ಕಪ್ಪಿಗೆ 120 ಗ್ರಾಂ, ಡಬ್ಬಕ್ಕೇ ಕಪ್ ಅದ್ದಿ ಒತ್ತಿ ತೆಗೆದರೆ 150. ನನ್ನ ಮುಂದೆಯೇ ತೂಗಿ ತೋರಿಸಿದರು. ಆ ಮೂವತ್ತು ಗ್ರಾಮಿನಲ್ಲೇ ಕೇಕ್ ಮೆತ್ತಗಾಗುತ್ತದೋ ಇಟ್ಟಿಗೆಯಾಗುತ್ತದೋ ತೀರ್ಮಾನವಾಗುತ್ತದೆ. ಆಮೇಲೆ ಕಲಸುವುದು. ಮೈದಾ ಬಿದ್ದ ಮೇಲೆ ಕೈ ಆಡಿಸಿದಷ್ಟೂ ಅದರಲ್ಲಿ ಜಿಗುಟು ಬೆಳೆಯುತ್ತದೆ, ಕೇಕ್ ರಬ್ಬರಿನ ಹಾಗಾಗುತ್ತದೆ. ನನಗೆ ಸೌಟು ಕೊಟ್ಟಾಗ ನಾನು ಮುದ್ದೆ ತಿರುವುವವನ ಹಾಗೆ ಶುರು ಮಾಡಿದೆ. ಸೌಟು ಕಿತ್ತುಕೊಂಡರು. "ಒಣ ಹಿಟ್ಟು ಕಾಣದೇ ಇದ್ರೆ ಸಾಕು, ನಿಲ್ಲಿಸಿ. ಇದು ರಾಗಿಮುದ್ದೆ ಅಲ್ಲ."

ಕಾಗದದ ಬಟ್ಟಲಿಗೆ ಮೂರರಲ್ಲಿ ಎರಡು ಪಾಲು ಹಿಟ್ಟು. 175 ಡಿಗ್ರಿ ಸೆಲ್ಸಿಯಸ್. ಹದಿನೆಂಟರಿಂದ ಇಪ್ಪತ್ತು ನಿಮಿಷ. ಬೆಂದಿದೆಯಾ ಅಂತ ಚುಚ್ಚಿ ನೋಡಲು ಟೂತ್‌ಪಿಕ್ ಅಲ್ಲ, ತೊಳೆದು ಒಣಗಿಸಿ ಲೋಟದಲ್ಲಿ ನಿಲ್ಲಿಸಿದ ತೆಂಗಿನ ಗರಿ ಕಡ್ಡಿ. ಹೊಸ ಪೊರಕೆಯಿಂದ ಕಿತ್ತಿದ್ದು, ಗಾಬರಿ ಬೇಡ.

ನಾನಿದ್ದ ಎರಡನೇ ಶನಿವಾರ ಒಂಬತ್ತನೇ ನಿಮಿಷಕ್ಕೆ ಕರೆಂಟ್ ಹೋಯಿತು. ಓವನ್ನಿನ ಒಳಗಿನ ದೀಪ ಆರಿತು. ಯಾರೂ ಮಾತಾಡಲಿಲ್ಲ. ನಾನು ಸುಮ್ನೆ ಬಾಗಿಲು ತೆಗೆದು ನೋಡಲು ಹೋದೆ, ಅತ್ತಿಗೆ ನನ್ನ ಕೈ ಮೇಲೆ ಹೊಡೆದರು, ನಿಜವಾಗಿಯೂ ಹೊಡೆದರು. ಬಾಗಿಲು ತೆಗೆದರೆ ಇರುವ ಬಿಸಿಯೂ ಹೋಗುತ್ತದೆ. ಹಿಟ್ಟಿನೊಳಗೆ ಸೋಡಾದ ಗಾಳಿ ಗುಳ್ಳೆ ಆಗಲೇ ಉಬ್ಬಿರುತ್ತದೆ. ಆದರೆ ಅದನ್ನು ಹಿಡಿದು ನಿಲ್ಲಿಸಬೇಕಾದ ಮೊಟ್ಟೆ, ಮೈದಾ ಇನ್ನೂ ಬೆಂದು ಗಟ್ಟಿಯಾಗಿರುವುದಿಲ್ಲ. ತಾರಸಿ ಗಟ್ಟಿಯಾಗುವ ಮುಂಚೆ ಸೆಂಟ್ರಿಂಗ್ ಬಿಚ್ಚಿದ ಹಾಗೆ. ಕರೆಂಟ್ ಬಂದಿದ್ದು ಇಪ್ಪತ್ತೈದು ನಿಮಿಷದ ಮೇಲೆ. ಹನ್ನೆರಡೂ ನಡುವೆ ಕುಸಿದು ಹಣತೆಗಳ ಹಾಗೆ ಕೂತಿದ್ದವು. ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕೋಲಾರದ ಗಣಿಗೆ ವಿದ್ಯುತ್ ತಂದಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ. ಅಂಥ ಜಿಲ್ಲೆಯಲ್ಲಿ ಒಂದು ಕಪ್‌ಕೇಕಿಗೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಕರೆಂಟ್ ಇಲ್ಲ ಅಂತ ಅಣ್ಣ ಭಾಷಣ ಶುರು ಮಾಡಿದ. ಅತ್ತಿಗೆ ಅಷ್ಟರಲ್ಲಿ ಅವನ್ನೆಲ್ಲ ಮತ್ತೆ ಬೇಯಿಸಿ, ಶ್ರೀನಿವಾಸಪುರದ ಬಾದಾಮಿ ಮಾವಿನ ಹಣ್ಣಿನ ರಸ ಒಲೆಯ ಮೇಲೆ ಕಾಯಿಸಿ ಗಟ್ಟಿ ಮಾಡಿ, ಆ ಗುಳಿಗಳಿಗೆ ತುಂಬಿದ್ದರು. ನೆಟ್ಟಗೆ ಉಬ್ಬಿದವಕ್ಕಿಂತ ನನಗೆ ಅವೇ ಇಷ್ಟವಾದವು. ಇದನ್ನು ಅತ್ತಿಗೆ ಓದಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಇರಲಿ.

ಅಲಂಕಾರದ ಹೊತ್ತಿಗೆ ಅವರು ಬೇರೆಯೇ ಮನುಷ್ಯರು. ಅಡುಗೆಮನೆ ಬಾಗಿಲು ಅರ್ಧ ಮುಚ್ಚುತ್ತಾರೆ, ಫ್ಯಾನ್ ಆರಿಸುತ್ತಾರೆ, ಫೋನ್ ತಲೆಕೆಳಗೆ. ಬೆಣ್ಣೆ, ಪುಡಿ ಸಕ್ಕರೆ ಬೆಳ್ಳಗಾಗುವ ತನಕ ಬೀಟರಿನಲ್ಲಿ ತಿರುವಿ, ಅದಕ್ಕೆ ಬೀಟ್‌ರೂಟ್ ರಸ ನಾಲ್ಕು ಹನಿ. ಆ ರಸವನ್ನು ಕೇಕಿನ ಹಿಟ್ಟಿಗೇ ಹಾಕಿದರೆ ಬೆಂದ ಮೇಲೆ ಬಣ್ಣ ಕಂದಾಗುತ್ತದೆ, ಮೇಲಿನ ಕ್ರೀಮಿಗೆ ಹಾಕಿದರೆ ಹಾಗೇ ನಿಲ್ಲುತ್ತದೆ. ಕೋನಿಗೆ ತುಂಬಿ, ನಕ್ಷತ್ರದ ನಾಜಲ್ ಸಿಕ್ಕಿಸಿ, ನಡುವೆ ಒಂದು ಚುಕ್ಕೆ ಇಟ್ಟು ಅದರ ಸುತ್ತ ಸುತ್ತುತ್ತಾ ಹೊರಗೆ ಬರುತ್ತಾರೆ. ಕೊನೆಯಲ್ಲಿ ಒತ್ತುವುದನ್ನು ನಿಲ್ಲಿಸಿ ಮಣಿಕಟ್ಟನ್ನು ಸ್ವಲ್ಪವೇ ಪಕ್ಕಕ್ಕೆ ಎಳೆಯುತ್ತಾರೆ. ಆ ಎಳೆತದಲ್ಲಿ ಬಾಲ ಅಡಗಿ ಗುಲಾಬಿ ಗುಲಾಬಿಯಾಗುತ್ತದೆ. ಬೆಳಗ್ಗೆ ಬಾಗಿಲಲ್ಲಿ ರಂಗೋಲಿ ಎಳೆ ಬಿಡುವಾಗಲೂ ಅದೇ ಮಣಿಕಟ್ಟು, ಅದೇ ತಿರುವು. ಅದನ್ನು ಗಮನಿಸಿದ್ದು ನಾನಲ್ಲ, ಅಮ್ಮ.

ಆದರೆ ಮೇ ತಿಂಗಳಲ್ಲಿ ಬೆಣ್ಣೆಯ ಗುಲಾಬಿ ಮಾಡಬಾರದು. ಅದು ಅತ್ತಿಗೆಗೂ ಗೊತ್ತು. ಮುಳಬಾಗಿಲಿನ ದೊಡ್ಡಮ್ಮನಿಗೆ ತೋರಿಸಬೇಕು ಅನ್ನುವ ಆಸೆಗೆ ಮಾಡಿದರು. ಮೂವತ್ತು ಕಿಲೋಮೀಟರ್ ತಾನೇ ಅಂತ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತರು. ಬಿಸಿಲು ಕೂಡ ಅದೇ ಪಕ್ಕ. ಬೆಣ್ಣೆ ಪೂರ್ತಿ ಕರಗುವುದು ನಮ್ಮ ಮೈಬಿಸಿಯ ಹತ್ತಿರಹತ್ತಿರ, ಅದರ ಆಕಾರ ಕೆಡುವುದು ಎಷ್ಟೋ ಮುಂಚೆ. ದೊಡ್ಡಮ್ಮ ಡಬ್ಬಿ ತೆಗೆದು ನೋಡಿ, ಅರಳಿ ಹರಡಿದ ಗುಲಾಬಿ ಬಣ್ಣದ ಬಿಲ್ಲೆಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಮುಳಬಾಗಿಲಿಗೆ ದೋಸೆ ತಂದ್ಯೇನಮ್ಮಾ?" ಅಂದರು. ಈಗ ಬೇಸಿಗೆಯಲ್ಲಿ ಅತ್ತಿಗೆ ಚಾಕೊಲೇಟ್ ಗನಾಶ್ ಮಾತ್ರ ಮಾಡುತ್ತಾರೆ. ಎರಡು ಪಾಲು ಚಾಕೊಲೇಟು, ಒಂದು ಪಾಲು ಕ್ರೀಮು. ಅದು ಸ್ವಲ್ಪ ತಡೆಯುತ್ತದೆ.

ಇಷ್ಟಕ್ಕೂ ನಾನು ಹೇಳಲು ಹೊರಟಿದ್ದು ಬೇರೆ. ನಾನಿದ್ದ ನಾಲ್ಕು ವಾರದಲ್ಲಿ ಅತ್ತಿಗೆಯ ಕಪ್‌ಕೇಕ್ ತಿಂದವರು ಹೆಚ್ಚುಕಮ್ಮಿ ಎಲ್ಲರೂ ಎರಡನೇ ತುತ್ತಿಗೆ ಒಂದೇ ಮಾತು ಕೇಳಿದರು. "ಆರ್ಡರ್ ತಗೋತೀರಾ?" ಹಾಲು ಹಾಕುವವನು ಕೇಳಿದ. ಎದುರು ಮನೆಯ ತೆಲುಗಿನವರು "ಚಾಲಾ ಬಾಗುಂದಿ" ಅಂದು ಅದೇ ಉಸಿರಿನಲ್ಲಿ ಡಜನ್‌ಗೆ ಎಷ್ಟು ಅಂದರು. ಅಣ್ಣನಂತೂ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದ್ದಾನೆ: ಬೆಣ್ಣೆ ಇಷ್ಟು, ಮೊಟ್ಟೆ ಇಷ್ಟು, ಕರೆಂಟ್ ಇಷ್ಟು, ಲಾಭ ಇಷ್ಟು. ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು ಅನ್ನುವುದನ್ನೂ ವಿಚಾರಿಸಿಟ್ಟಿದ್ದಾನೆ. ಅತ್ತಿಗೆ ಆ ಕ್ಯಾಲೆಂಡರಿನ ಹಾಳೆಯನ್ನು ಹರಿದು ಓವನ್ ತಟ್ಟೆ ಕೆಳಗೆ ಹಾಸಿದ್ದಾರೆ.

ಮಾರುವವರ ಬಗ್ಗೆ ಅವರಿಗೂ ನನಗೂ ಯಾವ ಕೊಂಕೂ ಇಲ್ಲ. ಅದೇ ಬೀದಿಯಲ್ಲಿ ಕೇಕ್ ಮಾರಿಯೇ ಮಗಳನ್ನು ಓದಿಸಿದವರಿದ್ದಾರೆ. ಅವರಿಗೆ ನಾಜಲ್ ಹಿಡಿಯುವುದನ್ನು ಹೇಳಿಕೊಟ್ಟಿದ್ದು ಅತ್ತಿಗೆಯೇ. ಆದರೆ ತಮ್ಮ ಮಟ್ಟಿಗೆ ಅವರ ಉತ್ತರ ಬೇರೆ. "ವಾರವಿಡೀ ಬೇರೆಯವರು ಹೇಳಿದ ಹಾಗೆ ಅಡುಗೆ ಮಾಡ್ತೀನಿ. ಉಪ್ಪು ಜಾಸ್ತಿ, ಖಾರ ಕಮ್ಮಿ, ಇವತ್ತು ಸೊಪ್ಪಿನ ಸಾರು, ನಾಳೆ ಮಸ್ಸೊಪ್ಪು. ಶನಿವಾರ ಒಂದಿನ ನನಗೆ ಯಾವ ಬಣ್ಣ ಬೇಕೋ ಆ ಬಣ್ಣ. ಆರ್ಡರ್ ತಗೊಂಡ್ರೆ ಅದೂ ಅವರ ಬಣ್ಣ ಆಗತ್ತೆ, ಅಲ್ವಾ?" ಅಣ್ಣ ಕೇಳಿಸಿಕೊಂಡು ಸುಮ್ಮನೆ ಟೀವಿ ಸೌಂಡ್ ಜಾಸ್ತಿ ಮಾಡಿದ.

ನನಗೆ ಈ ಪ್ರಶ್ನೆ ಹೊಸದಲ್ಲ. ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗ ಹೊಸದಾಗಿ ಬಂದವರು ಯಾರಾದರೂ "ಸುದ್ದಿಪತ್ರಕ್ಕೆ ನಿಮಗೆ ಎಷ್ಟು ಕೊಡ್ತಾರೆ ಸಾರ್?" ಅಂತ ಕೇಳುತ್ತಾರೆ. ಏನೂ ಇಲ್ಲ ಅಂದರೆ ಪಾಪ ಅನ್ನುವ ಹಾಗೆ ನೋಡಿ ಪುಳಿಯೋಗರೆ ಕಡೆಗೆ ತಿರುಗುತ್ತಾರೆ. ಇನ್ನು ಮುಂದೆ ಅವರಿಗೆ ಅತ್ತಿಗೆಯ ಶನಿವಾರದ ಕಥೆ ಹೇಳೋಣ ಅಂತಿದ್ದೇನೆ.

ಹೊರಡುವಾಗ ಅಮ್ಮ ಒಂದು ಸೇರು ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದರು. ಅತ್ತಿಗೆ ಅದರ ಜೊತೆ ಹಳೇ ನಾಜಲ್ ಒಂದನ್ನು ಸೇರಿಸಿದ್ದರು. ಹೋದ ಶನಿವಾರ ಧೈರ್ಯ ಮಾಡಿದೆ. ರಾಗಿಹಿಟ್ಟಿಗೆ ಮೈದಾದ ಜಿಗುಟಿಲ್ಲ, ಒಂದೇ ಆದರೆ ಪುಡಿಪುಡಿಯಾಗುತ್ತದೆ, ಅದಕ್ಕೆ ಅರ್ಧ ಮೈದಾ, ಅರ್ಧ ರಾಗಿ. ಸಕ್ಕರೆ ಬದಲು ಬೆಲ್ಲ. ಚೆನ್ನಾಗಿಯೇ ಉಬ್ಬಿದವು. ಅತ್ತಿಗೆ ಎಷ್ಟೇ ಹೇಳಿದ್ದರೂ ಪೂರ್ತಿ ಆರುವ ತನಕ ಕಾಯಲಾಗದೆ, ಇನ್ನೂ ಬೆಚ್ಚಗಿರುವಾಗಲೇ ಹುರಿಹಿಟ್ಟು ಬೆರೆಸಿದ ಬೆಣ್ಣೆ ಕ್ರೀಮನ್ನು ಕೋನಿಗೆ ತುಂಬಿ ಒತ್ತಿದೆ. ಬರಲಿಲ್ಲ. ಇನ್ನೂ ಒತ್ತಿದೆ. ನಾಜಲ್ ಹಾರಿ ಸಿಂಕಿಗೆ ಬಿತ್ತು, ಕ್ರೀಮೆಲ್ಲ ಒಂದೇ ಕೇಕಿನ ಮೇಲೆ ಸಗಣಿ ತಟ್ಟಿದ ಹಾಗೆ ಬಿತ್ತು. ಫೋಟೋ ಕಳಿಸಿದೆ. ಅಲ್ಲಿ ಬೆಳಗಿನ ಜಾವ, ಆದರೂ ಒಂದೇ ನಿಮಿಷಕ್ಕೆ ಉತ್ತರ ಬಂತು: "ಜರಡಿ ಹಿಡಿದ್ರಾ?"

ಹಿಡಿದಿರಲಿಲ್ಲ. ಹುರಿಹಿಟ್ಟಿನ ತರಿ ನಾಜಲಿಗೆ ಸಿಕ್ಕಿಕೊಂಡಿತ್ತು. ಮನೆಯ ಹಾಲ್ ತುಂಬ ಹುರಿದ ರಾಗಿಯ ವಾಸನೆ. ಸಗಣಿಯನ್ನು ಚಮಚದಲ್ಲಿ ಹನ್ನೆರಡಕ್ಕೂ ಹಂಚಿ ಸವರಿದೆ, ಮಕ್ಕಳು ಎಂಟು ತಿಂದರು.

ಮುಂದಿನ ಸಂಚಿಕೆಗೆ ಲೇಖನ ಕಳಿಸಲು ಕಡೆಯ ದಿನ ಒಳಪುಟದಲ್ಲಿದೆ. ಕಪ್‌ಕೇಕ್ ಆರ್ಡರ್ ತಗೊಳ್ಳುವುದಿಲ್ಲ.