ಆ ಚಿತ್ರವನ್ನು ಮೂಲೆಯಿಂದ ಈಚೆ ತನ್ನಿ

ಮಾನ್ಯ ಸಂಪಾದಕರೇ,

ಗದಗಿನಲ್ಲಿ ನಡೆಯುತ್ತಿರುವ ವಿದ್ಯಾರ್ಥಿಗಳ ಚಿತ್ರ ಪ್ರದರ್ಶನದಲ್ಲಿ ಒಂದು ಚಿತ್ರವನ್ನು ನಡುಗೋಡೆಯಿಂದ ತೆಗೆದು ಬಾಗಿಲ ಹಿಂದಿನ ಮೂಲೆಗೆ ಹಾಕಿದ್ದಾರೆ. ‘ಕುಟುಂಬ ಸಮೇತ ಬರ್ತಾರ, ನೋಡಿದವರಿಗೆ ಕಸಿವಿಸಿ ಆಗ್ತದ’ ಎಂದು ಸಂಘಟಕರು ಹೇಳಿದರು. ಇದು ನನಗೆ ಸರಿ ಕಾಣಲಿಲ್ಲ.

ಒಬ್ಬ ವಿದ್ಯಾರ್ಥಿ ಹುಡುಗ ಬರೆದ, ಮಗಳನ್ನು ಗಂಡನ ಮನೆಗೆ ಕಳಿಸುತ್ತಿರುವ ತಾಯಿಯ ಚಿತ್ರ ಅದು. ತಾಯಿಯ ಬಲಗೈ ಮಗಳ ಬೆನ್ನು ಹಿಡಿದು ಮುಂದಕ್ಕೆ ನೂಕುತ್ತಿದೆ. ಎಡಗೈ ಅವಳ ಸೆರಗಿನ ತುದಿ ಬಿಡುತ್ತಿಲ್ಲ. ಆ ಎಡಗೈ ಮೊಣಕಾಲು ದಾಟುವಷ್ಟು ಉದ್ದ. ಬೆರಳ ಗೆಣ್ಣುಗಳಿಗೆ ಹಸಿರು ಬಣ್ಣ. ಬಾಯಿ ನಗುತ್ತಿದೆ, ಕುತ್ತಿಗೆಯ ನರ ಮಾತ್ರ ಸೆಟೆದು ನಿಂತಿದೆ. ‘ಕೈ ಇಷ್ಟುದ್ದ ಇರ್ತದೇನ್ರೀ?’ ಎಂದು ಒಬ್ಬರು ನಕ್ಕರು. ಇರುವುದಿಲ್ಲ ನಿಜ. ಆದರೆ ಮಗಳನ್ನು ಕಳಿಸಿಕೊಟ್ಟ ತಾಯಂದಿರಿಗೆ ಆ ಕೈ ಚೆನ್ನಾಗಿ ಗೊತ್ತು.

ನಾನು ಬೆಟಗೇರಿಯಲ್ಲಿ ಹೊಲಿಗೆ ಮಾಡುವವಳು. ದಿನಾ ಟೇಪು ಹಿಡಿದು ಅಳತೆ ತೆಗೆಯುತ್ತೇನೆ. ಎರಡೂ ಭುಜ ಸರಿಸಮ ಇರುವವರು ಕಡಿಮೆ. ಮದುವೆ ಕುಬಸ ಹೊಲಿಸಲು ಬರುವ ಹುಡುಗಿಯರ ಮುಖದಲ್ಲಿ ನಗು ಇರುತ್ತದೆ, ಹೆಗಲು ಮಾತ್ರ ಕಿವಿಯ ತನಕ ಏರಿರುತ್ತದೆ. ‘ಉಸುರು ಬಿಡವಾ, ಹೆಗಲು ಸಡಿಲ ಮಾಡು’ ಅಂತ ಹೇಳಿಯೇ ಅಳತೆ ತಗೋಬೇಕು. ಇಲ್ಲಾಂದ್ರೆ ತೋಳು ಕೂಡುವುದಿಲ್ಲ. ಖುಷಿ, ಹೆದರಿಕೆ ಎರಡೂ ಒಂದೇ ಮೈಯಲ್ಲಿ ಇರುತ್ತವೆ ಅಲ್ವಾ? ಆ ಹುಡುಗ ಬರೆದದ್ದೂ ಅದನ್ನೇ.

ನನ್ನ ಮಗಳು ಚಿತ್ರಕಲೆ ಓದುತ್ತಾಳೆ (ಈ ಚಿತ್ರ ಅವಳದಲ್ಲ). ಅವಳ ಪುಸ್ತಕದಲ್ಲಿ ನಮ್ಮ ದೇಶದ ಹೆಸರಾಂತ ಚಿತ್ರಕಾರ ತಯ್ಯಬ್ ಮೆಹ್ತಾ ಅವರ ಚಿತ್ರಗಳನ್ನು ನೋಡಿದ್ದೇನೆ. 1947ರ ಗಲಭೆಯಲ್ಲಿ ಮುಂಬೈಯ ಬೀದಿಯಲ್ಲಿ ಜನ ಒಬ್ಬನನ್ನು ಹೊಡೆದು ಕೊಂದದ್ದನ್ನು ಅವರು ಕಿಟಕಿಯಿಂದ ಕಂಡಿದ್ದರು. ಮುಂದೆ ಅವರು ತಲೆಕೆಳಗಾಗಿ ಬೀಳುವ, ಕೈಕಾಲು ದಿಕ್ಕಾಪಾಲಾದ ಮೈಗಳನ್ನು ಮತ್ತೆ ಮತ್ತೆ ಬರೆದರು. ಆಸ್ಟ್ರಿಯಾದ ಚಿತ್ರಕಾರ ಎಗಾನ್ ಶೀಲೆ ತನ್ನ ಮೈಯನ್ನೇ ತಿರುಚಿ, ಎಲುಬೆಲುಬು ಕಾಣುವಂತೆ ಬರೆದುಕೊಂಡ. 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು ತೀರಿಕೊಂಡಾಗ ಅವನಿಗೆ ಬರೀ 28 ವರ್ಷ. ಇವರಿಗೆಲ್ಲ ಅಳತೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಬೇಕೆಂದೇ ಮೀರಿದರು.

ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿದ ಊರು ನಮ್ಮದು. ಸೀನರಿ, ದೇವರ ಚಿತ್ರ ಬೇಡ ಅನ್ನುತ್ತಿಲ್ಲ. ಅವುಗಳ ಸಾಲಿನಲ್ಲೇ ಇದನ್ನೂ ಹಾಕಿ. ಪ್ರದರ್ಶನ ಭಾನುವಾರದವರೆಗೆ ಇದೆ. ಅಲ್ಲಿಯವರೆಗಾದರೂ ಆ ಹುಡುಗ ತನ್ನ ಚಿತ್ರದ ಪಕ್ಕ ನಿಂತು, ಕೇಳಿದವರಿಗೆ ತಾನೇ ಉತ್ತರ ಹೇಳಲಿ.

– ಒಬ್ಬ ಓದುಗಿತ್ತಿ, ಬೆಟಗೇರಿ