ಮೂರನೇ ಪುಸ್ತಕದ ಬೀಗ: ರಾಜ್ಯದ ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನೋಂದಣಿ ಮತ್ತು ಮುದ್ರಾಂಕ ಇಲಾಖೆಯೂ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳೂ ತಮ್ಮ ಖಾತೆಯ ವ್ಯಾಪ್ತಿಗೇ ಬರುವುದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ನಾನು ಧಾರವಾಡದ ಕಡೆಯ ನಿವೃತ್ತ ಶಿಕ್ಷಕಿ. ಕೆಲವು ವರ್ಷಗಳಿಂದ ನಮ್ಮ ಮನೆತನದ ಹಿರಿಯರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹಳೆಯ ಮೃತ್ಯುಪತ್ರಗಳ (ಉಯಿಲುಗಳ) ಮತ್ತು ಸಾವಿನ ದಾಖಲೆಗಳ ಮೂಲಕ ಹುಡುಕುತ್ತಿದ್ದೇನೆ. ಮೃತ್ಯುಪತ್ರಗಳನ್ನು ಏರಿಸುವ ನೋಂದಣಿ ಕಚೇರಿಯ ‘ಮೂರನೇ ಪುಸ್ತಕ’ದಿಂದ ಹಳೆಯ ನಕಲುಗಳು ಸಿಗುವಂತಾಗಬೇಕು ಎಂಬುದೇ ನನ್ನ ಕೋರಿಕೆ. ನನಗೆ ಯಾವ ಹೊಲದ ಮೇಲೂ ತಕರಾರಿಲ್ಲ, ಯಾವ ದಾವೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಳೆಯ ಕಾಗದ ಕೇಳಿಕೊಂಡು ಬಂದವರು ಆಸ್ತಿಗಾಗಿಯೇ ಬಂದಿರಬೇಕು ಎಂದು ನಮ್ಮ ಕಚೇರಿಗಳು ತಿಳಿಯುತ್ತವೆ.

ನಮ್ಮ ಕಡೆ ವಂಶಾವಳಿ ಹೇಳಲು ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಅಂಗಳದಲ್ಲೇ ಏಳೆಂಟು ತಲೆಮಾರಿನ ಹೆಸರುಗಳನ್ನು ತಡವರಿಸದೆ ಒಪ್ಪಿಸುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಕೇಳಿದ ಆ ಹೆಸರುಗಳೆಲ್ಲ ಗಂಡಸರವೇ. ನಾಡಕಚೇರಿಯಲ್ಲಿ ದೃಢೀಕರಿಸಿಕೊಡುವ ವಂಶವೃಕ್ಷದಲ್ಲೂ ಸ್ಥಿತಿ ಹೆಚ್ಚು ಬೇರೆಯಿಲ್ಲ. ಅಫಿಡವಿಟ್ ಮಾಡಿಕೊಟ್ಟವರು ಮದುವೆಯಾಗಿ ಹೋದ ಅತ್ತೆಯರ, ಸೋದರತ್ತೆಯರ ಹೆಸರು ಬಿಟ್ಟರೆ, ಪಂಚನಾಮೆಗೆ ಕೂತ ಊರವರೂ ಸುಮ್ಮನಿದ್ದರೆ, ಆ ಹೆಂಗಸರು ಹುಟ್ಟಿಯೇ ಇರಲಿಲ್ಲ ಎಂದಾಗಿಬಿಡುತ್ತದೆ. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ತಮ್ಮ ಇಲಾಖೆ ಇ-ಪೌತಿ ಆಂದೋಲನ ಕೈಗೊಂಡಿರುವ ಈ ಹೊತ್ತಿನಲ್ಲಿ, ಇದು ಮನೆತನದ ಕಥೆ ಹುಡುಕುವವರ ಹವ್ಯಾಸದ ಮಾತು ಮಾತ್ರವಲ್ಲ ಎಂಬುದನ್ನು ತಾವು ಒಪ್ಪುತ್ತೀರಿ.

ಮೃತ್ಯುಪತ್ರದ ಸ್ವಭಾವವೇ ಬೇರೆ. ಹಳೇ ಮೈಸೂರಿನವರು ಮರಣಶಾಸನ ಅಥವಾ ಉಯಿಲು ಎನ್ನುವ, ಕೆಲವು ಕಡೆ ವಿಲ್ಲುನಾಮೆ ಎಂದೂ ಬರೆಯುತ್ತಿದ್ದ ಈ ಪತ್ರದ ಅವಶ್ಯಕತೆ ಹಿಂದೆ ಎಲ್ಲರಿಗೂ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವವರೆಗೆ, ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿದ್ದವನು ಪಿತ್ರಾರ್ಜಿತದಲ್ಲಿನ ತನ್ನ ಪಾಲನ್ನು ಉಯಿಲಿನ ಮೂಲಕ ಯಾರಿಗೂ ಕೊಡುವಂತಿರಲಿಲ್ಲ. ಹಾಗಾಗಿ ಆ ಕಾಲದ ಮೃತ್ಯುಪತ್ರಗಳಲ್ಲಿ ನಮಗೆ ಎದುರಾಗುವವರು ಪಾಲಾಗಿ ಬೇರೆಯಾದವರು, ಗಂಡುಸಂತಾನವಿಲ್ಲದವರು, ಎರಡು ಸಂಸಾರ ಹೂಡಿದವರು, ದತ್ತಕದ ಚಿಂತೆಯಲ್ಲಿದ್ದವರು, ಸ್ತ್ರೀಧನವನ್ನು ಜೋಪಾನವಾಗಿ ಉಳಿಸಿಕೊಂಡ ವಿಧವೆಯರು. ಬೇರೆ ಯಾವ ದಾಖಲೆಯೂ ಹೆಸರಿಸದ ಮಗಳು, ಸೊಸೆ, ಸಾಕುಮಗಳು ಅಲ್ಲಿ ಹೆಸರು ಹಿಡಿದು ಕಾಣಿಸಿಕೊಳ್ಳುತ್ತಾರೆ, ಕೊಟ್ಟ ಊರಿನ ಹೆಸರಿನ ಸಮೇತ.

ನನ್ನ ಅಜ್ಜಿ ಬೆಳೆದ ಮನೆಯ ಯಜಮಾನರು, ನಾವು ಮುತ್ತಜ್ಜ ಎಂದೇ ಕರೆಯುವವರು, 1936ರಲ್ಲಿ ಬರೆಸಿದ ಮೃತ್ಯುಪತ್ರದ ದೃಢೀಕೃತ ನಕಲು ನಮ್ಮ ಸೋದರಮಾವನ ಟ್ರಂಕಿನಲ್ಲಿ ಸಿಕ್ಕಿತು. ಯಾವುದೋ ಕಾಲದ ದಾವೆಗೆಂದು ತೆಗೆಸಿದ್ದು. ನಾಲ್ಕು ಹಾಳೆ, ಮಡಿಕೆಯ ಗೆರೆಯಲ್ಲೆಲ್ಲ ಕಾಗದ ಸವೆದು ಬೆಳಕು ಕಾಣುತ್ತದೆ. ಕೆಳಗೆ ಇಬ್ಬರು ಸಾಕ್ಷಿದಾರರ ಸಹಿ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದ್ದರೆ, ಮೂರನೆಯವನದು ಹೆಬ್ಬೆಟ್ಟಿನ ನಿಶಾನಿ. ಹೊಲಗಳ ಚಕ್ಕುಬಂದಿ ಮುಗಿದ ಮೇಲೆ ಹಿರಿಯ ಮಗಳಿಗೆ ಒಂದು ಎಮ್ಮೆ ಮತ್ತು ಅದರ ಕರು, ಕಿರಿಯವಳಿಗೆ ತಾಮ್ರದ ಹಂಡೆ ಎಂದು ಬರೆಸಿದ್ದಾರೆ. ಇಬ್ಬರ ಹೆಸರೂ ನಮ್ಮ ಯಾವ ವಂಶವೃಕ್ಷದಲ್ಲೂ ಇರಲಿಲ್ಲ. ಕೊನೆಯ ಹಾಳೆಯಲ್ಲಿ ಒಂದು ಸಾಲಿದೆ: ತಮ್ಮ ಅಣ್ಣನ ಹೆಂಡತಿ ಬರೆಸಿಟ್ಟು, ಆಕೆ ತೀರಿದ ಮೇಲೆ ರಿಜಿಸ್ಟರ ಆಗಿರುವ ಮೃತ್ಯುಪತ್ರದ ಪ್ರಕಾರ, ಆಕೆ ಸಾಕಿದ ಹುಡುಗಿಗೆ ಸಲ್ಲತಕ್ಕ ದಾಗೀನುಗಳಿಗೆ ತಮ್ಮ ಮಕ್ಕಳು ಹಕ್ಕು ಹೇಳತಕ್ಕದ್ದಲ್ಲ.

ಆ ಹುಡುಗಿಯೇ ನನ್ನ ಅಜ್ಜಿ. “ಹಡೆದಾಕಿ ಬ್ಯಾರೆ, ಸಾಕಿದಾಕಿ ಬ್ಯಾರೆ” ಎಂದಷ್ಟೇ ಹೇಳಿ ಆಕೆ ಮಾತು ನಿಲ್ಲಿಸುತ್ತಿದ್ದಳು. ಹಡೆದವಳ ಹೆಸರು, ಊರು ನಮಗೆ ಯಾರಿಗೂ ಗೊತ್ತಿಲ್ಲ. ಸಾಕಿದವಳ ಮೃತ್ಯುಪತ್ರದಲ್ಲಿ ‘ಇಂಥವರ ಮಗಳು’ ಎಂಬ ಎರಡು ಪದವಾದರೂ ಇರಬೇಕು ಎಂಬ ಆಸೆಯಿಂದ ನಾನು ಉಪನೋಂದಣಾಧಿಕಾರಿಯವರ ಕಚೇರಿಗೆ ಅರ್ಜಿ ಹಾಕಿದೆ.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಬರಬೇಕಾಗುತ್ತದೆ. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ 1908ರ ನೋಂದಣಿ ಕಾಯಿದೆಯೇ ಅನ್ವಯವಾಗುತ್ತಿತ್ತು. ಆ ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ಕ್ರಯ, ಅಡಮಾನ ಮುಂತಾದವು ಒಂದನೇ ಪುಸ್ತಕಕ್ಕೂ, ಮೃತ್ಯುಪತ್ರಗಳು ಮತ್ತು ದತ್ತಕದ ಅಧಿಕಾರಪತ್ರಗಳು ಮೂರನೇ ಪುಸ್ತಕಕ್ಕೂ ಏರುತ್ತವೆ. ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೂರನೆಯದರಲ್ಲಿ ಹುಡುಕುವ ಅಧಿಕಾರ ನೋಂದಣಾಧಿಕಾರಿಗೆ ಮಾತ್ರ. ಆದರೆ 57ನೇ ಕಲಮಿನ ಪ್ರಕಾರ, ಬರೆಸಿದವರು ಬದುಕಿರುವ ತನಕ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ ಸಿಗುವ ನಕಲು, ಅವರು ತೀರಿದ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗಬೇಕು. ಸಂಬಂಧಿಯಾಗಿರಬೇಕು, ಹಕ್ಕುದಾರನಾಗಿರಬೇಕು ಎಂಬ ಷರತ್ತು ಅಲ್ಲಿಲ್ಲ. ಇಷ್ಟು ಉದಾರವಾದ ಕಲಮು ನಮ್ಮ ಕೈಯಲ್ಲಿ ಶತಮಾನಕ್ಕಿಂತ ಹೆಚ್ಚು ಕಾಲದಿಂದ ಇದೆ ಎಂಬುದೇ ಬಹಳ ಜನರಿಗೆ ತಿಳಿದಿಲ್ಲ. ಆಸ್ತಿಯ ಮೇಲಿನ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ ತೆಗೆಸಿದರೆ ಎಲ್ಲ ಸಿಗುತ್ತದೆ ಎಂದು ನಂಬಿದವರೇ ಹೆಚ್ಚು. ಅದು ಒಂದನೇ ಪುಸ್ತಕದಿಂದ ತಯಾರಾಗುವುದು, ಅದರಲ್ಲಿ ಮೃತ್ಯುಪತ್ರ ಬರುವುದೇ ಇಲ್ಲ.

ನನ್ನ ಅರ್ಜಿಗೆ ಬಂದ ಹಿಂಬರಹ ಒಂದೇ ಸಾಲಿನದು: ಬರೆಸಿದವರ ಮರಣ ಪ್ರಮಾಣಪತ್ರ ಲಗತ್ತಿಸುವುದು. ತಾಲ್ಲೂಕು ಕಚೇರಿಗೆ ಹೋದೆ. ಆ ಕಾಲದ ಆ ಗ್ರಾಮದ ಮರಣ ರಿಜಿಸ್ಟರು ಲಭ್ಯವಿಲ್ಲ ಎಂಬ ಇನ್ನೊಂದು ಹಿಂಬರಹ ಸಿಕ್ಕಿತು. ಹಾಗಿದ್ದರೆ ತಡವಾದ ನೋಂದಣಿ ಮಾಡಿಸಿ ಎಂದರು. ಜನನ ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ಬಂದ ತಿದ್ದುಪಡಿಯ ನಂತರ, ವರ್ಷ ದಾಟಿದ ಪ್ರಕರಣಗಳಲ್ಲಿ ಆದೇಶ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳಿಗೆ ಬಂದಿದೆ. ಅಲ್ಲಿ ವಿಚಾರಿಸಿದಾಗ, ಆಕೆ ಸತ್ತ ದಿನಾಂಕಕ್ಕೆ ಯಾವುದಾದರೂ ಲಿಖಿತ ಪುರಾವೆ ತನ್ನಿ ಎಂದರು. ಇರುವ ಲಿಖಿತ ಪುರಾವೆ ಮೂರನೇ ಪುಸ್ತಕದ ಒಳಗೇ ಇದೆ. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಯಾವತ್ತೂ ಕೊಟ್ಟಿರಲಿಲ್ಲ.

ಪುರಾವೆ ಒಳಗೇ ಇದೆ ಎಂದು ಸುಮ್ಮನೆ ಹೇಳಿದ್ದಲ್ಲ. ಬರೆಸಿದವರು ತೀರಿದ ನಂತರ ಬೇರೆಯವರು ಮೃತ್ಯುಪತ್ರವನ್ನು ನೋಂದಣಿಗೆ ತಂದರೆ, ಬರೆಸಿದವರು ನಿಜವಾಗಿ ತೀರಿದ್ದಾರೆ ಎಂಬುದು ಮನದಟ್ಟಾಗದೆ ನೋಂದಣಾಧಿಕಾರಿ ಅದನ್ನು ನೋಂದಾಯಿಸುವಂತಿಲ್ಲ ಎಂದು ಅದೇ ಕಾಯಿದೆಯ 41ನೇ ಕಲಮು ಹೇಳುತ್ತದೆ. ಅಂದರೆ ತೊಂಬತ್ತು ವರ್ಷಕ್ಕೂ ಹಿಂದೆ ಅದೇ ಹುದ್ದೆಯಲ್ಲಿ ಕೂತಿದ್ದ ಅಧಿಕಾರಿ, ಈಕೆ ಸತ್ತಿದ್ದಾಳೆ ಎಂದು ವಿಚಾರಿಸಿ, ಒಪ್ಪಿ, ಸಹಿ ಮಾಡಿದ್ದಾರೆ. ಇಂದು ಅದೇ ಹುದ್ದೆಯಲ್ಲಿರುವವರು, ಆಕೆ ಸತ್ತಿದ್ದಕ್ಕೆ ಸಾಕ್ಷಿ ಏನು ಎಂದು ನನ್ನನ್ನು ಕೇಳುತ್ತಿದ್ದಾರೆ. ಅವರನ್ನು ದೂರುವುದಿಲ್ಲ, ಸುತ್ತೋಲೆಯಿಲ್ಲದೆ ಹೊಣೆ ಹೊರಲು ಯಾವ ಅಧಿಕಾರಿಯೂ ಮುಂದೆ ಬರುವುದಿಲ್ಲ.

ಸಾವಿನ ದಾಖಲೆಗಳ ಕಥೆ ಇನ್ನೂ ಬಡವಾದದ್ದು. ಸತ್ತ ಸುದ್ದಿಯ ಕಾರ್ಡಿನ ತಲೆಯಲ್ಲಿ ‘ಶ್ರೀ’ ಇರುತ್ತಿರಲಿಲ್ಲ, ‘ಅಶುಭ’ ಎಂದಿರುತ್ತಿತ್ತು. ಅದನ್ನು ನಮ್ಮ ಮನೆಗಳಲ್ಲಿ ಹೊಸ್ತಿಲಾಚೆಯೇ ಓದಿ, ಹರಿದೆಸೆದು, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಲಗ್ನಪತ್ರಿಕೆಗಳನ್ನು ಮೊಳೆಗೆ ಚುಚ್ಚಿ ತಲೆಮಾರುಗಟ್ಟಲೆ ಇಟ್ಟುಕೊಂಡ ಮನೆಯವರೇ ಸಾವಿನ ಕಾಗದವನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಲಿಲ್ಲ. ಹುಡುಕುವವರಿಗೆ ಹೆಚ್ಚು ಬೇಕಾಗಿದ್ದುದು ಎರಡನೆಯದು. ಪತ್ರಿಕೆಗಳ ನಿಧನ ವಾರ್ತೆಗಳು ನಂತರದ ಕಾಲಕ್ಕೆ ಉಪಯೋಗಕ್ಕೆ ಬರುತ್ತವೆ. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, 1948ರಲ್ಲಿ ಆರಂಭವಾದ ಪ್ರಜಾವಾಣಿ, ಕರಾವಳಿಯವರಿಗೆ 1970ರಿಂದ ಉದಯವಾಣಿ. ಗ್ರಂಥಾಲಯದಲ್ಲಿ ಕೂತು ಹಳೆಯ ಸಂಪುಟ ತಿರುವಿದಾಗ ನನಗೆ ಕಂಡದ್ದು ವಕೀಲರು, ವರ್ತಕರು, ಹೋರಾಟಗಾರರು. ಹೆಂಗಸರು ಬಂದರೂ ‘ಇಂಥವರ ಧರ್ಮಪತ್ನಿ’ಯಾಗಿ. ಹಳ್ಳಿಯ ಹೆಂಗಸಿನ ಸಾವು ದಾಖಲಾಗಿದ್ದರೆ ಊರ ಪಾಟೀಲರ ಜನನ ಮರಣದ ಪುಸ್ತಕದಲ್ಲಿ, ಇಲ್ಲವೇ ಆಕೆಯ ಹೆಸರಿಗೆ ತುಂಡು ಹೊಲವಿದ್ದರೆ ‘ಮಯತ, ವಾರಸಾ’ (ಸತ್ತವರು, ವಾರಸುದಾರರು) ಎಂಬ ವರದಿಯ ಒಂದು ಸಾಲಿನಲ್ಲಿ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಪಾಟೀಲರಂಥವರ ವಂಶಪಾರಂಪರ್ಯ ಹುದ್ದೆಗಳು ಹೋದವು, ಹೋದದ್ದು ಒಳ್ಳೆಯದೇ. ಆದರೆ ಅವರ ಮನೆಯಲ್ಲಿದ್ದ ದಫ್ತರಗಳಲ್ಲಿ ಸರ್ಕಾರಕ್ಕೆ ಬಂದವೆಷ್ಟು, ಅಟ್ಟದ ಮೇಲೆ ಗೆದ್ದಲಿಗೆ ಹೋದವೆಷ್ಟು ಎಂದು ಕೇಳಿದರೆ ನಮ್ಮೂರಲ್ಲಿ ಹೇಳುವವರಿಲ್ಲ.

ಒಂದು ಮಾತು ಪಕ್ಕಕ್ಕೆ ಸರಿದರೂ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಇಲ್ಲಿ ತೀರಿಕೊಂಡ ಯುರೋಪಿಯನ್ನರ ಶವಸಂಸ್ಕಾರದ ದಾಖಲೆಗಳ ಮತ್ತು ಮೃತ್ಯುಪತ್ರಗಳ ಪ್ರತಿಗಳು ಪ್ರಾಂತ್ಯವಾರು ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸೂಚಿಯ ಸಮೇತ ಇವೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದ ಕಲೆಕ್ಟರ್ ಥ್ಯಾಕರೆಯ ಸಾವಿನ ದಿನ ಶಾಲಾ ಮಕ್ಕಳಿಗೂ ಗೊತ್ತು. ಅವನಿಗಿಂತ ನೂರು ವರ್ಷಕ್ಕೂ ಈಚೆಗೆ ತೀರಿಕೊಂಡ, ಸರ್ಕಾರಕ್ಕೆ ವರ್ಷಾ ವರ್ಷಾ ಕಂದಾಯ ಕಟ್ಟಿದ ಮನೆಯ ಹೆಂಗಸು ಸತ್ತ ವರ್ಷವನ್ನೂ ನಮ್ಮ ಕಚೇರಿಗಳು ಹೇಳಲಾರವು.

ಇದಕ್ಕೆ ಬರುವ ಆಕ್ಷೇಪವನ್ನು ನಾನು ಬಲ್ಲೆ. ಹಳೆಯ ಮೃತ್ಯುಪತ್ರಗಳನ್ನು ತೆರೆದಿಟ್ಟರೆ ಮಲಗಿದ್ದ ವ್ಯಾಜ್ಯಗಳು ಏಳುತ್ತವೆ, ಭೂಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ ಎನ್ನುತ್ತಾರೆ. ಬದುಕಿರುವವರ ಮೃತ್ಯುಪತ್ರ ಗುಟ್ಟಾಗಿಯೇ ಇರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬರೆಸಿದ ಅಪ್ಪನ ಮುಖವನ್ನು ಮಕ್ಕಳು ದಿನಾ ನೋಡಬೇಕಲ್ಲ. ಆದರೆ ಯಾರೂ ನೋಡದ, ಸೂಚಿಯೂ ಸವೆದ ಪುಸ್ತಕದಲ್ಲಿಯೇ ಹಾಳೆ ಬದಲಿಸುವುದು ಸುಲಭ. ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಭೂ ಸುರಕ್ಷಾ ಯೋಜನೆಯನ್ನು ತಮ್ಮ ಇಲಾಖೆ ಕೈಗೆತ್ತಿಕೊಂಡದ್ದೂ ದಾಖಲೆ ನಾಶ ಮತ್ತು ತಿದ್ದುವಿಕೆಯನ್ನು ತಡೆಯಲೆಂದೇ ಅಲ್ಲವೇ?

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಬರೆಸಿ 90 ವರ್ಷ ದಾಟಿದ ಮೃತ್ಯುಪತ್ರದ ನಕಲಿಗೆ ಮರಣ ಪ್ರಮಾಣಪತ್ರ ಕೇಳಕೂಡದು ಎಂದು ನೋಂದಣಿ ಮಹಾಪರಿವೀಕ್ಷಕರಿಂದ ಒಂದು ಸುತ್ತೋಲೆ ಹೊರಡಿಸಿ. ಅಪ್ರಾಪ್ತರು ಉಯಿಲು ಬರೆಯುವಂತಿಲ್ಲವಾದ್ದರಿಂದ, ಬರೆಸಿದವರು ಇಂದು ಬದುಕಿದ್ದರೆ ಅವರಿಗೆ ಕನಿಷ್ಠ 108 ವರ್ಷ. ಮೂವತ್ತು ವರ್ಷಗಳ ಈಚೆಗೆ ಬದುಕಿದ್ದರೆಂದು ತೋರಿಬಂದವರ ವಿಷಯದಲ್ಲಿ, ಅವರು ಸತ್ತಿದ್ದಾರೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು ಎನ್ನುತ್ತದೆ ಸಾಕ್ಷ್ಯ ಕಾನೂನು. 90 ವರ್ಷದ ಹಿಂದಿನವರಿಗೂ ಅದೇ ಭಾರ ಹೊರಿಸುವುದು ಅತಿಯಾಯಿತು. ಮರಣಾನಂತರ ನೋಂದಣಿಯಾದ ಪತ್ರಗಳಿಗಂತೂ ಎಷ್ಟೇ ಹೊಸದಿರಲಿ ಬೇರೆ ಪುರಾವೆಯೇ ಬೇಡ, ಪುಸ್ತಕದ ಷರಾವೇ ಸಾಕು.

ಜೊತೆಗೆ ಮೂರನೇ ಪುಸ್ತಕದ ಹಳೆಯ ಸೂಚಿಗಳನ್ನಾದರೂ ಸ್ಕ್ಯಾನ್ ಮಾಡಿಸಿ ಜಿಲ್ಲಾವಾರು ಒಂದೆಡೆ ಸೇರಿಸಬೇಕು. ಮೃತ್ಯುಪತ್ರವನ್ನು ಆಸ್ತಿಯಿರುವ ತಾಲ್ಲೂಕಿನಲ್ಲೇ ನೋಂದಾಯಿಸಬೇಕೆಂಬ ನಿಯಮವಿಲ್ಲ. ಮಗಳ ಊರಿಗೆ ಹೋದಾಗಲೋ, ಆಸ್ಪತ್ರೆಗೆ ದೊಡ್ಡ ಊರಿಗೆ ಬಂದಾಗಲೋ ಮಾಡಿಸಿದ್ದನ್ನು ಹುಡುಕುವವರು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು? ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿಯಿಟ್ಟ ಮೃತ್ಯುಪತ್ರಗಳಿಗೆ ಐದನೇ ಪುಸ್ತಕವೆಂಬ ಪ್ರತ್ಯೇಕ ಲೆಕ್ಕವಿದೆ. ಯಾರೂ ಬಂದು ಕೇಳದೆ, ಒಡೆಯದೆ ಉಳಿದ ಹಳೆಯ ಲಕೋಟೆಗಳೆಷ್ಟು ಎಂಬುದನ್ನು, ಹೆಸರು ಬೇಡ, ಸಂಖ್ಯೆಯನ್ನಾದರೂ ಪ್ರಕಟಿಸಿ.

ಸ್ಕ್ಯಾನ್ ಆದ ಮೇಲೆ ಮೂಲ ಪುಸ್ತಕಗಳನ್ನು ರದ್ದಿಗೆ ಹಾಕದಂತೆ ಲಿಖಿತ ಆದೇಶವಿರಲಿ. 2023ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ನ್ಯಾಯ ಇಲಾಖೆ, ಕೋಟಿಗಟ್ಟಲೆ ಹಳೆಯ ಉಯಿಲುಗಳ ಚಿತ್ರ ತೆಗೆದುಕೊಂಡು ಪ್ರಸಿದ್ಧರದನ್ನು ಮಾತ್ರ ಉಳಿಸಿ ಮಿಕ್ಕ ಮೂಲಪ್ರತಿಗಳನ್ನು ನಾಶಮಾಡುವ ಪ್ರಸ್ತಾಪ ಮುಂದಿಟ್ಟಾಗ ಅಲ್ಲಿನ ಇತಿಹಾಸಕಾರರು ತೀವ್ರವಾಗಿ ವಿರೋಧಿಸಿದರು. ನಮ್ಮ ಕಾಯಿದೆಯೇ ಈ ವಿಷಯದಲ್ಲಿ ಹೆಚ್ಚು ಮರ್ಯಾದೆಯುಳ್ಳದ್ದು: ಎರಡು ವರ್ಷ ಯಾರೂ ಬಂದು ಒಯ್ಯದ ದಸ್ತಾವೇಜುಗಳನ್ನು ನಾಶಮಾಡಬಹುದು ಎನ್ನುವ 85ನೇ ಕಲಮು, ‘ಮೃತ್ಯುಪತ್ರಗಳನ್ನು ಬಿಟ್ಟು’ ಎಂದು ಸ್ಪಷ್ಟವಾಗಿ ಸೇರಿಸಿದೆ.

ಹಳೆಯ ಮರಣ ರಿಜಿಸ್ಟರುಗಳಲ್ಲಿ ಉಳಿದವನ್ನು ಭೂ ಸುರಕ್ಷಾದ ಅದೇ ಯಂತ್ರಗಳ ಮುಂದೆ ಇಡಿಸಿ. ಮೋಡಿ ಓದಬಲ್ಲವರು ನಮ್ಮ ಭಾಗದಲ್ಲಿ, ಹಳೆಯ ಉರ್ದು ದಫ್ತರ ಓದಬಲ್ಲವರು ಕಲಬುರಗಿ, ಬೀದರ ಕಡೆ ಇನ್ನೂ ಕೆಲವರಿದ್ದಾರೆ, ಎಲ್ಲರೂ ವಯಸ್ಸಾದವರು. ಅವರನ್ನು ಗೌರವಧನ ಕೊಟ್ಟು ಕೂರಿಸಿಕೊಳ್ಳುವ ಕೆಲಸವನ್ನು ಮಾತ್ರ ಮುಂದಿನ ಬಜೆಟ್ಟಿನವರೆಗೆ ತಳ್ಳಬೇಡಿ.

ನನ್ನ ಎರಡನೇ ಅರ್ಜಿಯನ್ನು 41ನೇ ಕಲಮನ್ನು ಉಲ್ಲೇಖಿಸಿ ಕಳೆದ ತಿಂಗಳು ಅದೇ ಕಚೇರಿಗೆ ಸಲ್ಲಿಸಿದ್ದೇನೆ. ಸ್ವೀಕೃತಿ ಸಿಕ್ಕಿದೆ, ಉತ್ತರ ಬಂದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ನಿವೃತ್ತ ಶಿಕ್ಷಕಿ